ಕತ್ತರಿಯಮ್ಮ ಮುಚ್ಚಿದ್ದು, ಬಿಟ್ಟಿದ್ದು

ಆಕೆಯ ಕೆಲಸ ಏನೆಂದು ತಿಳಿದವರು ಮೊದಲು ನಗುತ್ತಿದ್ದರು. ಆಮೇಲೆ ಪಕ್ಕಕ್ಕೆ ಸರಿದು ಬಂದು, "ಹಾಗಾದ್ರೆ ಎಲ್ಲಾ ನೀವು ನೋಡ್ಬಿಟ್ಟಿರ್ತೀರಾ?" ಎಂದು ಪಿಸುದನಿಯಲ್ಲಿ ಕೇಳುತ್ತಿದ್ದರು.

ಹೌದು, ನೋಡುವುದೇ ಆಕೆಯ ಕೆಲಸ. ಹಗಲಿಡೀ ಹಾಡುಗಳನ್ನೇ ತೋರಿಸುವ ಒಂದು ಸಣ್ಣ ಟಿವಿ ಚಾನೆಲ್ಲಿನ ಹಿಂದಿನ ಕೋಣೆಯಲ್ಲಿ ಆಕೆ ಎಡಿಟರ್. ಬಂದ ಪ್ರತಿ ವಿಡಿಯೋವನ್ನೂ ಮಕ್ಕಳು ನೋಡುವಂತೆ ಮಾಡಿಕೊಡಬೇಕು. ತೀರಾ ಗಿಡ್ಡ ಬಟ್ಟೆಯ ಮೇಲೆ ಮಸುಕು, ಬಾಟಲಿ ಸಿಗರೇಟಿನ ಮೇಲೆ ಮಸುಕು, ಬೈಗುಳದ ಜಾಗದಲ್ಲಿ 'ಕುಂಯ್' ಎನ್ನುವ ಸದ್ದು. ಈ ಮೂರು ಗೆರೆಗಳನ್ನು ಹಾಕಿಕೊಟ್ಟವನು ಮ್ಯಾನೇಜರ್. ಆಕೆ ಅವನ್ನು ಚಾಚೂ ತಪ್ಪದೆ ಪಾಲಿಸುತ್ತ ಬಂದಿದ್ದಳು. ಅದಕ್ಕೂ ಮೊದಲು ಮದುವೆ ವಿಡಿಯೋಗಳಿಂದ ಆಕಳಿಸುವ ಮಾವಂದಿರನ್ನೂ ಬಾಯ್ತುಂಬ ತುತ್ತಿಟ್ಟುಕೊಂಡ ಅತ್ತೆಯರನ್ನೂ ತೆಗೆದು ತೆಗೆದು ಆಕೆಯ ಕೈ ಪಳಗಿತ್ತು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಆಕೆ ಕತ್ತರಿಯಮ್ಮ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಕರೆಂಟು ಕೈಕೊಟ್ಟಿತು. ಕತ್ತರಿಯಮ್ಮ ತರಕಾರಿ ಕೊಂಡು ಬೇಗನೆ ಮನೆಗೆ ಬಂದಳು. ಬಾಗಿಲಲ್ಲಿ ಶಾಲೆಯ ಷೂಗಳು ದಿಕ್ಕಿಗೊಂದರಂತೆ ಬಿದ್ದಿದ್ದವು. ಒಳಗೆ ಮಗಳು, ಅವಳ ಮೂವರು ಗೆಳತಿಯರು. ಎಲ್ಲರಿಗೂ ಹದಿಮೂರರ ಆಸುಪಾಸು. ಹಿಂದಿನ ತಿಂಗಳು ಕತ್ತರಿಯಮ್ಮನೇ ತಿದ್ದಿ ಕಳಿಸಿದ್ದ ಹಾಡನ್ನು ರೆಕಾರ್ಡ್ ಮಾಡಿಟ್ಟು, ಟಿವಿಯಲ್ಲಿ ನಿಲ್ಲಿಸಿಕೊಂಡು, ಕುಣಿಯುವವಳ ಎದೆಯ ಮೇಲಿನ ಮಸುಕನ್ನು ನಾಲ್ವರೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಏನೂ ಹಾಕ್ಕೊಂಡಿಲ್ಲ ಕಣೇ! ಅದಕ್ಕೇ ಇಷ್ಟು ದೊಡ್ಡ ಮಸುಕು."

"ಅಲ್ಲ, ಹಚ್ಚೆ. ಹೇಳೋಕೂ ಆಗಬಾರದು, ಅಂಥಾ ಹಚ್ಚೆ."

ಮುಂದೆ 'ಕುಂಯ್' ಬಂದಿತು. ಆ ಖಾಲಿ ಜಾಗಕ್ಕೆ ನಾಲ್ವರೂ ಸರದಿಯ ಮೇಲೆ ಒಂದೊಂದು ಪದ ತುಂಬಿದರು. ಬಾಗಿಲಲ್ಲಿ ನಿಂತಿದ್ದ ಕತ್ತರಿಯಮ್ಮನ ಕಿವಿ ಕೆಂಪಾಯಿತು. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದರೂ ಅವುಗಳಲ್ಲಿ ಎರಡನ್ನು ಆಕೆ ಕೇಳಿಯೇ ಇರಲಿಲ್ಲ.

"ಬೆಕ್ಕು!" ಎಂದು ಕೂಗಿದಳು. ಹುಡುಗಿಯರು ಹೌಹಾರಿ ಎದ್ದು ನಿಂತರು. "ಅವಳ ಅಂಗಿ ಮೇಲೆ ಬೆಕ್ಕಿನ ಚಿತ್ರ ಇತ್ತು. ಆ ಬೆಕ್ಕಿನ ಬಾಯಲ್ಲಿ ಸಿಗರೇಟು. ಅದಕ್ಕೆ ಮುಚ್ಚಿದ್ದು. ಇನ್ನು ಆ ಪದ... ಕತ್ತೆ!"

"ಕತ್ತೇನಾ? ಅಷ್ಟೇನಾ ಆಂಟಿ?" ದಪ್ಪ ಜಡೆಯವಳ ಮುಖ ಸಪ್ಪಗಾಯಿತು.

ಕತ್ತರಿಯಮ್ಮನಿಗೆ ಗದರಬೇಕೆನಿಸಿತ್ತು, ಆದರೆ ನಗು ಉಕ್ಕಿ ಬಂದಿತು. ಐವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ತಗ್ಗಿದ ಮೇಲೆ ಮಗಳು ಹಾಡನ್ನು ಸ್ವಲ್ಪ ಹಿಂದಕ್ಕೆ ಓಡಿಸಿದಳು.

"ಅಮ್ಮಾ, ಬೆಕ್ಕು ಮುಚ್ಚಿದೆ, ಕತ್ತೆ ತೆಗೆದೆ. ಇದನ್ನ ಯಾಕೆ ಬಿಟ್ಟೆ? ಅವಳು ಬೇಡ ಬೇಡ ಅಂದ್ರೂ ಬೀದಿಯುದ್ದ ಹಿಂದೆ ಬಂದು ಕೈ ಎಳೀತಾನಲ್ಲ."

"ಅದು... ಪ್ರೀತಿ ಹಾಡಲ್ವೇನೇ?"

"ನಮ್ಮ ಬಸ್ ಸ್ಟಾಪಲ್ಲೂ ಒಬ್ಬ ಹಾಗೇ ಹಿಂದೆ ಬರ್ತಾನೆ. ಇದೇ ಹಾಡು ಶಿಳ್ಳೆ ಹಾಕ್ತಾನೆ."

ಗೆಳತಿಯರು ನೆಲ ನೋಡಿದರು. ಕತ್ತರಿಯಮ್ಮನ ಕೈಯಲ್ಲಿ ತರಕಾರಿ ಚೀಲ ಹಾಗೇ ಇತ್ತು. ಮೂರು ಗೆರೆಗಳಲ್ಲಿ ಯಾವುದಕ್ಕೂ ಸಿಗದ್ದೆಂದು ಆ ದೃಶ್ಯವನ್ನು ಆಕೆ ನೋಡಿಯೂ ನೋಡದಂತೆ ದಾಟಿಸಿದ್ದಳು.

ಮರುದಿನ ಬೆಳಿಗ್ಗೆ ಹುಡುಗಿಯರ ಜೊತೆ ಆಕೆಯೂ ಬಸ್ ಸ್ಟಾಪಿಗೆ ಹೋದಳು. ಶಿಳ್ಳೆಯವನು ಬಂದ. ಬಡಕಲು ಮೈ, ಎಣ್ಣೆ ಮೆತ್ತಿದ ಕ್ರಾಪು, ಮೀಸೆ ಇನ್ನೂ ಮೂಡಬೇಕೋ ಬೇಡವೋ ಎನ್ನುವಂತಿತ್ತು. ಶಿಳ್ಳೆ ಶುರುವಾದ ಕೂಡಲೇ ಕತ್ತರಿಯಮ್ಮ ಅವನೆದುರು ಹೋಗಿ ನಿಂತಳು.

"ಹಾಡು ಪೂರ್ತಿ ಬರುತ್ತೇನಪ್ಪಾ? ಆ ವಿಡಿಯೋ ನನ್ನ ಕೈ ದಾಟಿ ಹೋಗಿದ್ದು. ಎಲ್ಲಿ, ಗಟ್ಟಿಯಾಗಿ ಹಾಡು. ಎಲ್ಲರೂ ಕೇಳ್ತೀವಿ."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. "ಹೂಂ, ಹಾಡಪ್ಪಾ," ಎಂದು ಒಬ್ಬ ಅಜ್ಜ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟ. ಹುಡುಗ ಎದುರಿಗೆ ಬಂದ ಮೊದಲ ಬಸ್ಸನ್ನು ಹತ್ತಿಬಿಟ್ಟ. ಅದು ಡಿಪೋಗೆ ವಾಪಸ್ ಹೋಗುವ ಖಾಲಿ ಬಸ್ಸು.

ಅದೇ ಹುರುಪಿನಲ್ಲಿ ಆಫೀಸಿಗೆ ಬಂದವಳು ಆ ಹಾಡನ್ನು ಮತ್ತೆ ಕತ್ತರಿಗೆ ಹಾಕಿದಳು. ಬೆನ್ನುಹತ್ತುವುದು, ದಾರಿಗೆ ಅಡ್ಡ ನಿಲ್ಲುವುದು, ಕೈ ಎಳೆಯುವುದು, ಎಲ್ಲವನ್ನೂ ತೆಗೆದಳು. ಕೊನೆಗೆ ಉಳಿದದ್ದು ಸಮುದ್ರ, ಒಂದು ಕೊಡೆ, ಡೋಲು ಬಡಿಯುವ ಎರಡು ಕೈ.

ಮ್ಯಾನೇಜರ್ ಓಡಿಬಂದ. "ಏನಮ್ಮಾ ಇದು, ಹಾಡೋ, ಹವಾಮಾನ ವರದಿನೋ?"

ಆಕೆ ನಡೆದದ್ದನ್ನೆಲ್ಲ ಹೇಳಿದಳು.

"ಹಾಡು ನೋಡಿ ಯಾರು ಕೆಡ್ತಾರಮ್ಮಾ? ನಾನೂ ಇಂಥವನ್ನೇ ನೋಡ್ಕೊಂಡು ಬೆಳೆದವನು."

"ಹಾಗಾದ್ರೆ ನನ್ನ ಕೈಲಿ ಕತ್ತೆ ಯಾಕೆ ತೆಗೆಸಿದ್ರಿ ಸರ್?"

ಮ್ಯಾನೇಜರ್ ತಲೆ ಕೆರೆದುಕೊಂಡ. ಆದರೆ ಅವನೇನು ಸುಲಭದ ಆಸಾಮಿಯಲ್ಲ. "ಸರಿ, ಇದನ್ನೂ ಮುಚ್ಚಿದ್ರಿ ಅಂತಿಟ್ಕೊಳ್ಳಿ. ಮುಚ್ಚಿದ್ದರ ಹಿಂದೆ ಮಕ್ಕಳು ಏನೇನು ಊಹಿಸ್ತಾರೆ ಅಂತ ಈಗ ತಾನೇ ನೀವೇ ಹೇಳಿದ್ರಲ್ಲ?"

ಕತ್ತರಿಯಮ್ಮ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದಳು. ಇಬ್ಬರೂ ಕುಳಿತು ಸಮುದ್ರವನ್ನೂ ಕೊಡೆಯನ್ನೂ ಇನ್ನೊಮ್ಮೆ ನೋಡಿದರು. ಕಡೆಗೆ ಆಕೆಯೇ ಹೇಳಿದಳು: "ಮುಚ್ಚೋದು ಬೇಡ. ಟಿವಿಯಲ್ಲೇ ಆ ಹುಡುಗಿಯರ ಜೊತೆ ಕೂತು ನೋಡೋಣ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ ಮಾತಾಡಲಿ."

ಹಾಗೆ ಶುರುವಾಯಿತು ಶನಿವಾರ ಬೆಳಗಿನ ಕಾರ್ಯಕ್ರಮ. ಒಂದು ಸೋಫಾ, ನಾಲ್ವರು ಹುಡುಗಿಯರು, ನಡುವೆ ಮೈಕಿಗೆ ಹೆದರಿ ಸೆಟೆದು ಕುಳಿತ ಕತ್ತರಿಯಮ್ಮ. ಮೊದಲ ವಾರ ಫೋನು ಒಂದೇ ಸಮ ಬಡಿದುಕೊಂಡಿತು. ಮಕ್ಕಳ ಕೈಯಲ್ಲಿ ಇಂಥದ್ದೆಲ್ಲ ಮಾತಾಡಿಸುವುದೇ ಎಂದು ಕೆಲವರು ಉರಿದುಬಿದ್ದರು. ಕೈ ಎಳೆಯುವ ಆ ಹಾಡಿನ ನಿರ್ದೇಶಕ ಜಗಳಕ್ಕೆಂದೇ ಬಂದ. ಹುಡುಗಿಯರು ಅವನನ್ನೂ ಸೋಫಾದ ಮೇಲೆ ಕೂರಿಸಿಕೊಂಡರು.

"ಅವಳು ಬೇಡ ಅಂದಿದ್ದು ನಿಮಗೆ ಕೇಳಿಸ್ಲಿಲ್ವಾ ಸರ್?" ದಪ್ಪ ಜಡೆಯವಳು ಕೇಳಿದಳು.

"ಅದು ನಾಚಿಕೆ ಕಣಮ್ಮಾ."

"ನಾಚ್ಕೊಂಡವರು ಹಾಗೆ ಓಡಲ್ಲ. ಅದು ನಾಯಿ ಅಟ್ಟಿಸ್ಕೊಂಡು ಬಂದಾಗ ಓಡೋ ಓಟ."

ನಿರ್ದೇಶಕ ಆ ತುಣುಕನ್ನು ಮತ್ತೊಮ್ಮೆ ಹಾಕಿಸಿ ನೋಡಿದ. ತುಟಿ ಬಿಗಿಹಿಡಿದರೂ ನಗು ತಡೆಯಲಾಗಲಿಲ್ಲ. "ಅಯ್ಯೋ, ಹೌದಲ್ಲ," ಎಂದ. ಅವನ ಮುಂದಿನ ಹಾಡಿನಲ್ಲಿ ಹುಡುಗಿ ಒಲ್ಲೆ ಎಂದಾಗ ಹುಡುಗ ಒಬ್ಬನೇ ಕುಣಿದ. ಹಾಡೇನೂ ಅಂಥ ಚೆನ್ನಾಗಿರಲಿಲ್ಲ. ಹುಡುಗಿಯರು ಅದನ್ನೂ ಮುಲಾಜಿಲ್ಲದೆ ಹೇಳಿದರು.

ಹಾಗೆಂದು ಕತ್ತರಿಯಮ್ಮ ಕತ್ತರಿಯನ್ನು ಕೈಬಿಡಲಿಲ್ಲ. ಚೂರಿ, ರಕ್ತ ತುಂಬಿದ ಒಂದು ಹಾಡು ನೋಡಿ ಪಕ್ಕದ ಮನೆಯ ಪುಟ್ಟಿ ಮಂಚದಡಿ ಸೇರಿಕೊಂಡಳೆಂದು ಕೇಳಿದ ದಿನವೇ, ಯಾರ ಅಪ್ಪಣೆಗೂ ಕಾಯದೆ ಅದನ್ನು ಹಗಲಿನ ಹಾಡುಗಳ ಪಟ್ಟಿಯಿಂದ ಕಿತ್ತುಹಾಕಿದಳು. "ನಾಲ್ಕು ವರ್ಷದ ಮಗುನ ಸೋಫಾ ಮೇಲೆ ಕೂರಿಸಿ ಚರ್ಚೆ ಮಾಡೋಕಾಗುತ್ತಾ ಸರ್?" ಎಂದಾಗ ಮ್ಯಾನೇಜರ್ ಸರಿ ಎಂದು ತಲೆಯಾಡಿಸಿದ.

ಮಗಳೊಂದಿಗಿನ ವಾದ ಮಾತ್ರ ಮುಗಿಯಲಿಲ್ಲ. ಕಳೆದ ಶನಿವಾರ ಗಿಡ್ಡ ಅಂಗಿಯವಳ ಹಾಡೊಂದು ಬಂದಿತ್ತು. "ಇದು ಅತಿಯಾಯ್ತು," ಎಂದಳು ತಾಯಿ.

"ಅಂಗಿ ಬಿಡಮ್ಮಾ. ಅವಳ ಕಾಲು ನೋಡು, ಹೆಜ್ಜೆ ನೋಡು."

ಅಂಗಿ ಅತಿಯಾಯಿತೆನ್ನುವ ಮಾತನ್ನು ಕತ್ತರಿಯಮ್ಮ ಹಿಂತೆಗೆದುಕೊಳ್ಳಲಿಲ್ಲ. ಆದರೆ ಕಾರ್ಯಕ್ರಮ ಮುಗಿದು ದೀಪಗಳು ಆರಿದ ಮೇಲೆ ಹಿಂದಿನ ಕೋಣೆಗೆ ಹೋಗಿ ಆ ಹಾಡನ್ನು ಮತ್ತೆ ಹಾಕಿದಳು. ಎಡಗಾಲು ಮುಂದೆ, ಹಿಮ್ಮಡಿ ತಿರುವು, ಪುಟ್ಟದೊಂದು ಜಿಗಿತ. ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು, ಕುರ್ಚಿಯ ಬೆನ್ನು ಹಿಡಿದು, ತಾನೂ ಎಡಗಾಲು ಮುಂದಿಟ್ಟಳು.