ಓಬಳಪ್ಪನ ಕೋಲಿನ ಗೀರುಗಳು

ಗಾಡಿಯ ಅಚ್ಚು ಇನ್ನೆಷ್ಟು ಸುಗ್ಗಿ ಬಂದೀತು, ಬಾವಿಯ ರಾಟೆ ಯಾವಾಗ ಸವೆದೀತು ಎಂದು ತಿಳಿಯಬೇಕಾದರೆ ನಮ್ಮೂರವರು ಓಬಳಪ್ಪನನ್ನು ಕರೆಯುತ್ತಿದ್ದರು. ಕುರಿ ಕಾಯುವ ಮನೆತನದವನು, ಜಯಮಂಗಲಿ ಹೊಳೆಯ ಕಬ್ಬಿಣದ ಸೇತುವೆಗೆ ಮಹಾರಾಜರ ಸರ್ಕಾರದ ಕಾವಲುಗಾರನಾಗಿ ಸೇರಿದ್ದ. ಅಕ್ಷರ ಬಾರದು. ಆದರೆ ಅವನು ಹೇಳಿದ್ದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆ ಹೆಸರೇ ಅವನ ಆಸ್ತಿ.

ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೇ ಸೇತುವೆಯ ತೊಲೆಯ ಒಂದು ತುದಿಯನ್ನು ಉರುಳೆಗಳ ಮೇಲೆ ಕೂರಿಸಿರುತ್ತಾರೆ. ಪುಷ್ಯದ ಮುಂಜಾನೆ ಆ ತುದಿ ಎಲ್ಲಿತ್ತು, ಚೈತ್ರದ ಮಧ್ಯಾಹ್ನ ಎಲ್ಲಿಗೆ ಸರಿಯಿತು ಎಂದು ಓಬಳಪ್ಪ ವರ್ಷವರ್ಷವೂ ತನ್ನ ಕುರಿ ಕಾಯುವ ಕೋಲಿನ ಮೇಲೆ ಎರಡು ಗೀರು ಕೊರೆದಿಡುತ್ತಿದ್ದ. ಮೊದಲ ವರ್ಷ ಗೀರುಗಳ ನಡುವೆ ಅವರೆಕಾಳಿನಷ್ಟು ಜಾಗ. ಏಳನೇ ವರ್ಷಕ್ಕೆ ಜೋಳದ ಕಾಳಿನಷ್ಟೂ ಇರಲಿಲ್ಲ.

ಕೋಲು ಹಿಡಿದು ಮಧುಗಿರಿಗೆ ನಡೆದೇ ಹೋಗಿ ಓವರ್ಸಿಯರ್ ಚಂದ್ರಶೇಖರಯ್ಯನವರ ಮೇಜಿನ ಮೇಲಿಟ್ಟ.

“ಉರುಳೆ ತುಕ್ಕಿಡಿದು ಬಿಗೀತಾ ಐತೆ ಸ್ವಾಮಿ. ಇನ್ನೆರಡು ಬ್ಯಾಸ್ಗೆ ತಡೀತೈತೆ. ಮೂರನೇದಕ್ಕೆ ತೊಲೆ ನೂಕಿ ಕಂಬದ ಕಲ್ಲು ಸೀಳ್ತೈತೆ.”

ಅವರು ನಗಲಿಲ್ಲ. ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, ತಿಂಗಳೊಳಗೆ ಜಾಕಿ ತರಿಸಿದರು. ತೊಲೆ ಎತ್ತಿ, ತುಕ್ಕು ಕೆರೆದು, ಸವೆದ ಎರಡು ಉರುಳೆ ಬದಲಾಯಿಸಿ, ಗ್ರೀಸು ಬಳಿದು ಇಳಿಸಿದರು. ನಮ್ಮ ಊರಿನ ಜಾಣರಿಗೆ ಅದು ಸುಣ್ಣಬಣ್ಣದಂಥ ಇನ್ನೊಂದು ಸರ್ಕಾರಿ ಕೆಲಸ. ತಲೆಯಲ್ಲಿ ಉಳಿದದ್ದು ಒಂದೇ, ಮೂರನೇ ಬೇಸಿಗೆಗೆ ಕಲ್ಲು ಸೀಳುತ್ತದಂತೆ ಎಂಬ ಮಾತು.

ಮೂರನೇ ಬೇಸಿಗೆ ಬಂತು. ಕಡಲೆಕಾಯಿ ಗಾಡಿಯ ರಂಗಯ್ಯ ಸೇತುವೆಯ ನಡುಮಧ್ಯೆ ಎತ್ತು ನಿಲ್ಲಿಸಿ ಕೂಗಿದ: “ಎಲ್ಲಪ್ಪಾ ಓಬ್ಳಣ್ಣ, ನಿನ್ ಕಲ್ಲು ಸೀಳಿದ್ದು?”

ಎಲ್ಲರೂ ನಕ್ಕರು. ನಾಲಿಗೆಗೆ ಎಲುಬಿಲ್ಲವಲ್ಲ. ನಾನೂ ನಕ್ಕೆ, ಅದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಆಮೇಲೆ ಅಚ್ಚು ತೋರಿಸಲು, ರಾಟೆ ತೋರಿಸಲು ಯಾರೂ ಅವನನ್ನು ಕರೆಯಲಿಲ್ಲ.

ಹೆಂಡತಿ ಗೌರಕ್ಕನಿಗೆ ಬಹಳ ನೋವಾಗಿತ್ತು. “ನೀನು ಸುಮ್ಕಿದ್ದಿದ್ರೆ ಇದ್ದ ಹೆಸರಾದ್ರೂ ಉಳೀತಿತ್ತು” ಎಂದಳು.

ಓಬಳಪ್ಪ ಜಗುಲಿಯ ಮೇಲೆ ಕೂತು ಆ ವರ್ಷದ ಗೀರು ಕೊರೆಯುತ್ತಿದ್ದ. ನಡುವೆ ಮತ್ತೆ ಅವರೆಕಾಳಿನಷ್ಟು ಜಾಗ.

“ಸುಮ್ಕಿದ್ದಿದ್ರೆ ನನ್ ಮಾತು ದಿಟಾನೇ ಆಗ್ತಿತ್ತು ಕಣೇ” ಎಂದ. “ರಂಗಯ್ಯ ಸೇತುವೆ ಮ್ಯಾಲೆ ನಿಂತ್ಕಂಡು ನಗ್ತಾನೆ. ನಗ್ಲಿ ಬುಡು. ನಿಂತ್ಕಂಡವ್ನಲ್ಲಾ, ಅಷ್ಟು ಸಾಕು.”