ತಾಯಿ ಗಿಡದ ವಾಸನೆ

ನಾನು ಚಿಕ್ಕವಳಿದ್ದಾಗ, ಅಂದರೆ ಮುಂದಿನ ಎರಡು ಹಲ್ಲು ಬಿದ್ದು ಎಲ್ಲರೂ ಬೊಚ್ಚಬಾಯಿ ಎಂದು ರೇಗಿಸುತ್ತಿದ್ದ ಕಾಲಕ್ಕೆ, ನಾವು ಕುರುಗೋಡಿನ ಗುಡ್ಡದ ಬುಡದಲ್ಲಿದ್ದೆವು. ನಮ್ಮದು ನಾಯಕರ ಹಟ್ಟಿ, ಹನ್ನೆರಡೇ ಮನೆ. ಹೊಲ ಇದ್ದದ್ದು ಅಷ್ಟಕ್ಕಷ್ಟೆ. ಗುಡ್ಡವೇ ನಮಗೆ ಹಿತ್ತಲು, ಉಗ್ರಾಣ ಎಲ್ಲ. ಬಳ್ಳಾರಿಯ ಬಿಸಿಲಲ್ಲಿ ಎಂಥ ಕಾಡು ಎಂದು ನೀವು ನಗುತ್ತೀರಿ, ಗೊತ್ತು. ಬಂಡೆಗಳ ಸಂದಿಯಲ್ಲಿ ಕಾರೆ, ಕವಳೆ, ಸೀತಾಫಲ ಒತ್ತೊತ್ತಾಗಿ ಬೆಳೆದು, ಒಳಗೆ ಹೊಕ್ಕರೆ ಮಧ್ಯಾಹ್ನವೂ ಮಣ್ಣು ಕಾಲಿಗೆ ತಣ್ಣಗೆ ತಾಗುತ್ತಿತ್ತು.

ಆ ಗುಡ್ಡಕ್ಕೆ ಒಂದು ಕಟ್ಟಳೆ ಇತ್ತು. ಕಬ್ಬಿಣ ಮೇಲೇರಬಾರದು. ಹಣ್ಣಿಗೆ ಹೋಗಲಿ, ಬಿದ್ದ ಕಟ್ಟಿಗೆಗೆ ಹೋಗಲಿ, ಕೊಡಲಿ, ಕುಡುಗೋಲುಗಳನ್ನು ಕೆಳಗಿನ ಗುಂಡುಕಲ್ಲಿನ ಹತ್ತಿರ ಇಟ್ಟೇ ಹತ್ತಬೇಕು. ಅಲ್ಲಿ ಕಾಯಲು ದಿನಕ್ಕೊಂದು ಮನೆಯ ಪಾಳಿ. ಗುಡ್ಡದ ನಡುವೆ ಒಂದು ಮುದಿ ಮರವಿತ್ತು. ಅದರ ಕರ್ರಗಿನ ಪುಟ್ಟ ಹಣ್ಣು ತಿಂದ ಹಕ್ಕಿಗಳು ಗುಡ್ಡದ ತುಂಬ ಅದರ ಬೀಜ ಬಿತ್ತಿದ್ದವು. ಅದಕ್ಕೇ ನಾವು ‘ತಾಯಿ ಗಿಡ’ ಎನ್ನುತ್ತಿದ್ದೆವು. ಅದು ಶ್ರೀಗಂಧವೆಂದು ನನಗೆ ಗೊತ್ತಿರಲಿಲ್ಲ. ಕೊಯ್ಯುವವರೆಗೆ ಗಂಧದ ಮರಕ್ಕೆ ವಾಸನೆಯೇ ಇಲ್ಲ ಮಕ್ಕಳೇ. ನಮ್ಮ ಹಟ್ಟಿಯಲ್ಲಿ ಕೊಯ್ದವರು ಯಾರೂ ಇರಲಿಲ್ಲ.

ಅವತ್ತು ನಮ್ಮ ಪಾಳಿ. ಅಪ್ಪ ಸಂತೆಗೆ ಹೋಗಿದ್ದ, ಅಕ್ಕ ನೀರಿಗೆ. ನಾನೊಬ್ಬಳೇ ದೊಡ್ಡ ಯಜಮಾನ್ತಿಯ ಹಾಗೆ ಗುಂಡುಕಲ್ಲಿಗೆ ಒರಗಿ ಕಾಲು ಚಾಚಿ ಕೂತಿದ್ದೆ. ಸೈಕಲ್ ಮೇಲೆ ಇಬ್ಬರು ಬಂದರು, ಕಂಡವರಲ್ಲ.

“ಸಣ್ಣವ್ವ, ಸೀತಾಫಲ ಹರಕಂಡು ಬರ್ತೀವಿ. ಕಬ್ಬಿಣ ಇಲ್ಲೇ ಇಡಬೇಕಲ್ಲ?” ಎಂದು ತಾವಾಗಿಯೇ ಒಂದು ಕೊಡಲಿ ಇಟ್ಟರು. ನಾನು ಹೇಳುವ ಮೊದಲೇ ಇಟ್ಟರಲ್ಲ ಎಂದು ನನಗೆ ಹಿಗ್ಗು. ಕಬ್ಬಿಣ ಇಟ್ಟವರು ಸುಳ್ಳು ಹೇಳಬಹುದು ಎಂದು ನಮ್ಮಲ್ಲಿ ದೊಡ್ಡವರಿಗೂ ಹೊಳೆಯುತ್ತಿರಲಿಲ್ಲ. ಅವರ ಚೀಲದಲ್ಲಿ ಗರಗಸ ಇತ್ತು. ಗರಗಸಕ್ಕೆ ಕೊಡಲಿಯಷ್ಟು ಸದ್ದಿಲ್ಲ.

ಹೊತ್ತು ನೆತ್ತಿ ದಾಟಿದ ಮೇಲೆ ಇಳಿದು ಬಂದರು. ಚೀಲಗಳು ಉಬ್ಬಿದ್ದವು. ಸೈಕಲ್ಲಿಗೆ ಕಟ್ಟುವಾಗ “ಒಂಚೂರು ಹಿಡಕವ್ವ” ಎಂದರು. ನಾನು ಎರಡೂ ಕೈಯಿಂದ ಒತ್ತಿ ಹಿಡಿದೆ. ಒಂದು ಸೀತಾಫಲ ಕೊಟ್ಟು ಹೋದರು.

ಆಮೇಲೆ ನೋಡಿದರೆ ನನ್ನ ಕೈ ಘಮಘಮ. ಅಂಥದ್ದನ್ನು ನಾನು ಹುಟ್ಟಿದ ಮೇಲೆ ಮೂಸಿರಲಿಲ್ಲ. ವಾಸನೆ ಹೋದೀತೆಂದು ಹಣ್ಣು ಕೂಡ ಬಿಡಿಸಲಿಲ್ಲ. ಅಕ್ಕ ಬಂದಾಗ ಅವಳ ಮೂಗಿಗೆ ಕೈ ಹಿಡಿದೆ. “ಎಲ್ಲಿಂದ ಬಂತೇ ಈ ವಾಸ್ನಿ?” ಎಂದು ಅವಳೂ ತನ್ನ ಅಂಗೈಯನ್ನು ನನ್ನದಕ್ಕೆ ಉಜ್ಜಿಕೊಂಡಳು. ಇಬ್ಬರೂ ನಕ್ಕೆವು.

ಸಂತೆಯಿಂದ ಬಂದ ಅಪ್ಪನಿಗೆ ಅಕ್ಕ “ಮೂಸಿ ನೋಡಪ್ಪ” ಎಂದು ನನ್ನ ಕೈ ತೋರಿಸಿದಳು. ಅಪ್ಪ ನಗುನಗುತ್ತಲೇ ಬಗ್ಗಿದ. ಆಮೇಲೆ ಅವನ ಮುಖ ಬಾಡಿತು. ಪಕ್ಕದ ಗುಡ್ಡ ಬೋಳಾದ ವರ್ಷ ಅವನು ಆ ವಾಸನೆ ಕಂಡಿದ್ದನಂತೆ.

“ತಾಯಿ ಗಿಡ ಹೋತು,” ಎಂದ ಮೆಲ್ಲಗೆ.

ಹಟ್ಟಿಗೆ ಹಟ್ಟಿಯೇ ಓಡಿತು. ಭಾರಕ್ಕೆ ಟ್ಯೂಬ್ ಒಡೆದು ಆ ಇಬ್ಬರೂ ಸಿರುಗುಪ್ಪದ ದಾರಿಯ ಕಾಲುವೆ ದಂಡೆಯಲ್ಲಿ ಸಿಕ್ಕರು. ಚೀಲಗಳು ವಾಪಸ್ ಬಂದವು. ತುಂಡು ಬಂದರೆ ಮರ ಬಂದಂತಾಯಿತೇ? ಮಾರೋಣ ಎಂದು ಒಬ್ಬರೂ ಬಾಯಿ ಬಿಡಲಿಲ್ಲ. ಬೊಡ್ಡೆಯ ಪಕ್ಕದಲ್ಲೇ ಕುಣಿ ತೋಡಿ, ಮನೆಯವರನ್ನು ಮಣ್ಣು ಮಾಡುವ ಹಾಗೆ ಮಣ್ಣು ಮಾಡಿದರು. ಅಪ್ಪ ನನ್ನ ಕೈಯಿಂದಲೂ ಒಂದು ಹಿಡಿ ಹಾಕಿಸಿದ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೂದಿ ಹಚ್ಚಿ ತಿಕ್ಕಿದರೂ ಕೈಯ ವಾಸನೆ ಎರಡು ದಿನ ಉಳಿಯಿತು. ನಾಚಿಕೆಯಾಗುತ್ತಿತ್ತು, ಆದರೂ ಕದ್ದು ಕದ್ದು ಮೂಸುತ್ತಿದ್ದೆ.

ಅಂದಿನಿಂದ ಪಾಳಿಗೆ ಎರಡೆರಡು ಮನೆಯವರು ಕೂತರು. ಮರಿ ಗಿಡಗಳು ಉಳಿದವು. ನಾನು ಮದುವೆಯಾಗಿ ಬಳ್ಳಾರಿಗೆ ಬಂದೆ.

ಈಗ ಸತ್ಯನಾರಾಯಣಪೇಟೆಯ ಈ ಮನೆಯಲ್ಲಿ ನೀವು ಗಂಧದ ಸೋಪು ಹಚ್ಚಿ ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ನನ್ನ ತೊಡೆಯೇರುತ್ತೀರಿ. ನಿಮಗೆ ಗಂಧದ ವಾಸನೆ ಗೊತ್ತು, ಮರ ಗೊತ್ತಿಲ್ಲ. ನನಗೆ ಮರ ಗೊತ್ತಿತ್ತು, ವಾಸನೆ ಗೊತ್ತಿರಲಿಲ್ಲ. ನಿಮ್ಮನ್ನು ತಬ್ಬಿಕೊಂಡಾಗಲೆಲ್ಲ ನನ್ನ ಕರುಳು ಆ ಗುಡ್ಡಕ್ಕೆ ಎಳೆಯುತ್ತದೆ. ಯಾವ ವಾಸನೆಯೂ ಇಲ್ಲದ ಆ ತೊಗಟೆಗೆ ಇನ್ನೊಮ್ಮೆ ಮೂಗು ಒತ್ತಿ ನಿಲ್ಲಬೇಕು ಅನಿಸುತ್ತದೆ.