ಅಮಾವಾಸ್ಯೆಯ ಗುರುತು

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕೆಳಗೆ ನಾನು ಮತ್ತು ನಮ್ಮ ಯಜಮಾನರ ಅಕ್ಕ ಅಕ್ಕಯ್ಯಮ್ಮ, ಗಂಡಂದಿರನ್ನು ಕಳೆದುಕೊಂಡ ಇಬ್ಬರು ಮುದುಕಿಯರು. ಮೇಲಿನ ಭಾಗ ಬಾಡಿಗೆಗೆ. ಅಲ್ಲಿಗೆ ಎಷ್ಟೋ ಸಂಸಾರಗಳು ಬಂದವು, ಹೋದವು. ಕಣ್ಣಿಗೆ ಕಟ್ಟಿದಂತೆ ಉಳಿದವಳು ಗುರುದೇವಿ.

ಗದಗಿನ ಕಡೆಯವಳು. ಗಂಡ ಶಿವಯೋಗಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಮೇಲಿಂದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ನಮಗೆ ಕಾಫಿಯ ಹೊತ್ತು. ಆ ಸದ್ದು ನಿಂತ ಮೇಲೆ ಇನ್ನೊಂದು ಶುರುವಾಗುತ್ತಿತ್ತು, ಕಂಪ್ಯೂಟರಿನದು. ಊರಿನಲ್ಲಿ ಟೈಪಿಂಗ್ ಕಲಿತಿದ್ದಳು. ಮದುವೆ ಪತ್ರಿಕೆ, ಸಂಘದ ವರದಿ, ಕಾಲೇಜು ಮಕ್ಕಳ ಬರಹ ಎಲ್ಲವನ್ನೂ ಕನ್ನಡದಲ್ಲಿ ಟೈಪ್ ಮಾಡಿಕೊಡುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತು, ಪರದೆಯ ಮೇಲೆ ಅಕ್ಷರ ಒಂದೊಂದಾಗಿ ಹುಟ್ಟುವುದನ್ನು ನೋಡುವುದೇ ನನಗೊಂದು ಸುಖ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಗಣೇಶನ ಹಬ್ಬ ಕಳೆದ ಮೇಲೆ ಶಿಲ್ಪಾ ಎಂಬ ಹುಡುಗಿ ಉಲ್ಲಾಳದಿಂದ ಬಸ್ಸು ಹತ್ತಿ ಬಂದಳು. ಸುಗ್ಗಿಯಲ್ಲಿ ಕಣದ ಸುತ್ತ ಎತ್ತು ತಿರುಗಿಸುತ್ತ ಹಾಡುವ ಹಾಡುಗಳ ಬಗ್ಗೆ ದೊಡ್ಡ ಪ್ರಬಂಧ ಬರೆದಿದ್ದಳು. ದಸರಾ ರಜೆ ಮುಗಿದ ದಿನ ಒಪ್ಪಿಸಬೇಕು, ತಪ್ಪಿದರೆ ಒಂದು ವರ್ಷ ಹಾಳು. ಆ ಕೆಲಸಕ್ಕೆಂದೇ ಗುರುದೇವಿ, ಕಂಪ್ಯೂಟರ್ ರಿಪೇರಿಯ ಪುರುಷೋತ್ತಮನನ್ನು ಕರೆಸಿ ಹೊಸ ಕನ್ನಡ ಅಕ್ಷರಗಳನ್ನು ಹಾಕಿಸಿಕೊಂಡಳು. ಪಿತೃಪಕ್ಷವಿಡೀ ಟೈಪ್ ಮಾಡಿದಳು. ತನ್ನ ಊರಿನ ಹಾಡು ಬಂದರೆ ಬೆರಳು ನಿಲ್ಲಿಸಿ ಒಂದು ಸಾಲು ಹಾಡಿಯೇ ಮುಂದೆ ಹೋಗುತ್ತಿದ್ದಳು.

ನವರಾತ್ರಿಯಲ್ಲಿ ಯಾರೋ ಮದುವೆ ಪತ್ರಿಕೆಯ ಚಿತ್ರಗಳಿರುವ ಸಿಡಿ ಕೊಟ್ಟರು. ಅದನ್ನು ಹಾಕಿದ್ದೇ ತಡ, ಕನ್ನಡ ತೆರೆಯಲೊಲ್ಲದು. ತೆರೆದರೆ ತಾನೇ ಮುಚ್ಚಿಕೊಳ್ಳುತ್ತದೆ. ಪುರುಷೋತ್ತಮ ಹಬ್ಬಕ್ಕೆ ಕೆಂಗೇರಿಯ ಮಾವನ ಮನೆಗೆ ಹೋಗಿದ್ದ. ರಜೆ ಮುಗಿಯುವವರೆಗೆ ಬರುವುದಿಲ್ಲ.

ಗುರುದೇವಿ ಕೆಳಗಿಳಿದು ಬಂದಾಗ ಮುಖ ಬಾಡಿತ್ತು. "ಅಮ್ಮಾರ, ಒಂದು ಹುಡುಗೀ ವರ್ಷ ನನ್ನ ಕೈಯಾಗ ಐತ್ರಿ. ಒಂದು ಫೋನ್ ಮಾಡ್ತೀರೇನ್ರಿ?"

ಫೋನು ನಮ್ಮ ನಡುಮನೆಯಲ್ಲಿ, ಕಂಪ್ಯೂಟರು ಮೇಲೆ. ನಾನು ಫೋನು ಹಿಡಿದೆ, ಅವಳು ಮೇಲೆ ಹೋದಳು. ಮಂಡಿನೋವಿನ ಅಕ್ಕಯ್ಯಮ್ಮ ಪಂಚಾಂಗ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮಧ್ಯದಲ್ಲಿ ಕೂತರು. ಕರೆಯದಿದ್ದರೂ ಎಲ್ಲದರ ಮಧ್ಯೆ ಕೂರುವುದು ಅವರ ಪದ್ಧತಿ.

"ಆಂಟಿ, ಭಯ ಬೇಡ ಅನ್ನಿ," ಎಂದ ಪುರುಷೋತ್ತಮ. "ಸಿಸ್ಟಮ್ ರಿಸ್ಟೋರ್ ಅಂತ ಒಂದಿದೆ. ಕಂಪ್ಯೂಟರು ಚೆನ್ನಾಗಿದ್ದ ದಿನಕ್ಕೆ ವಾಪಸ್ ಹೋಗುತ್ತೆ. ಕ್ಯಾಲೆಂಡರ್ ಬರುತ್ತೆ, ಅದ್ರಲ್ಲಿ ದಪ್ಪಗೆ ಕಾಣೋ ತಾರೀಖಲ್ಲಿ ಹತ್ತಿರದ್ದು ಒತ್ತಬೇಕು."

"ಟೈಪ್ ಮಾಡಿದ್ದೆಲ್ಲ ಅಳಿಸಿ ಹೋಗುತ್ತೇನಪ್ಪ?"

"ಇಲ್ಲ ಆಂಟಿ, ಬರೆದಿದ್ದು ಎಲ್ಲೂ ಹೋಗಲ್ಲ."

ನಾನು ಕೂಗಿ ಹೇಳಿದೆ. ಮೇಲಿಂದ ಉತ್ತರ ಬಂತು: "ಎರಡೇ ದಪ್ಪ ಕಾಣ್ತಾವ್ರಿ! ಒಂದು ಗೌರಿ ಹಬ್ಬದ ದಿನ. ಇನ್ನೊಂದು ಮೊನ್ನೆ ಅಮಾಸಿ, ರಿಪೇರಿಯವರು ಪ್ರಿಂಟರ್ ಸರಿ ಮಾಡಾಕ ಬಂದಿದ್ರಲ್ಲ, ಆ ದಿನ."

ಮೆಟ್ಟಿಲ ಮೇಲೆ ಪಂಚಾಂಗ ಸರಸರ ಸದ್ದು ಮಾಡಿತು.

"ಮಹಾಲಯ ಅಮಾವಾಸ್ಯೆ ಕಣೇ ಅದು!" ಅಕ್ಕಯ್ಯಮ್ಮ ಎದ್ದೇ ನಿಂತರು. "ಸತ್ತವರಿಗೆ ಎಡೆ ಇಡೋ ದಿನಕ್ಕೆ ಯಾರಾದ್ರೂ ವಾಪಸ್ ಹೋಗ್ತಾರಾ? ಗೌರಿ ಹಬ್ಬ ಒತ್ತು. ಮುತ್ತೈದೆ ನೀನು."

"ಅತ್ತಿಗೆ, ಅವನು ಹತ್ತಿರದ್ದು ಅಂದ," ಎಂದೆ.

"ಅವನಿಗೇನು ಗೊತ್ತು, ಶ್ರಾದ್ಧದ ದಿನ ಪ್ರಿಂಟರ್ ಬಿಚ್ಚಿದೋನು!"

ಅಷ್ಟರಲ್ಲಿ ಫೋನು ಕಟ್ಟಾಯಿತು. ಗುರುದೇವಿ ಎಂದೂ ಹಿರಿಯರಿಗೆ ಎದುರಾಡಿದವಳಲ್ಲ. "ಆತ್ರಿ ದೊಡ್ಡಮ್ಮಾರ," ಎಂದಳು. ಗೌರಿ ಹಬ್ಬವನ್ನೇ ಒತ್ತಿದಳು.

ಕಂಪ್ಯೂಟರು ತಾನೇ ಆರಿ, ತಾನೇ ಹೊತ್ತಿಕೊಂಡಿತು. ನಾನೂ ಮೇಲೆ ಹೋಗಿ ನೋಡಿದೆ. ಶಿಲ್ಪಾಳ ಪುಟಗಳು ಇದ್ದವು, ಆದರೆ ಒಂದು ಅಕ್ಷರವೂ ಕನ್ನಡವಲ್ಲ. ಇರುವೆಗಳು ಸಾಲು ತಪ್ಪಿ ಓಡಾಡಿದ ಹಾಗೆ ಗೀಟು, ಚುಕ್ಕೆ, ಕೊಕ್ಕೆ. ಗುರುದೇವಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. "ಹಾಡೆಲ್ಲಾ ಮಣ್ಣಾದ್ವಲ್ಲ," ಎಂದಳು ಅಷ್ಟೇ.

ಮತ್ತೆ ಕೆಳಗಿಳಿದು ಫೋನು ಮಾಡಿದೆ. ಪುರುಷೋತ್ತಮ ನಕ್ಕುಬಿಟ್ಟ. "ಆಂಟಿ, ಆ ಅಕ್ಷರ ಹಾಕಿದ್ದೇ ಗೌರಿ ಹಬ್ಬ ಆದ್ಮೇಲೆ! ಅದು ಇಲ್ಲದಿದ್ದ ದಿನಕ್ಕೆ ಹೋಗಿ ಕೂತಿದೀರ. ಈಗ ಅಲ್ಲೇ, ಮಾಡಿದ್ದನ್ನ ರದ್ದು ಮಾಡೋದು ಅಂತ ಒಂದು ಕಾಣುತ್ತೆ, ಅದನ್ನ ಒತ್ತೋಕೆ ಹೇಳಿ. ಆಮೇಲೆ ಅಮಾವಾಸ್ಯೆ. ಪ್ರಿಂಟರ್ ಮುಗಿಸಿ, ಮುಂದೆ ಕೆಟ್ಟರೆ ವಾಪಸ್ ಬರೋಕೆ ಅಂತ ಆ ತಾರೀಖಿಗೆ ಗುರುತು ಇಟ್ಟಿದ್ದೇ ನಾನು."

ನಾನು ಹೇಳಿದ್ದನ್ನು ಕೇಳಿ ಅಕ್ಕಯ್ಯಮ್ಮ ಮತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು. ಗುರುದೇವಿ ಮೆಟ್ಟಿಲವರೆಗೆ ಬಂದು ಅವರ ಪಕ್ಕದಲ್ಲಿ ಕೂತಳು.

"ದೊಡ್ಡಮ್ಮಾರ, ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಕಡೆ ಅಮಾಸಿ ಅಂದ್ರ ಮಠಕ್ಕ ಹೋಗೋ ದಿನಾರಿ. ಗಾಡಿ ತೊಳ್ದು ಪೂಜಿ ಮಾಡ್ತೀವಿ, ಹೋಳಿಗಿ ಮಾಡ್ತೀವಿ. ನಮ್ಮವ್ವ ನನ್ನ ಟೈಪಿಂಗ್ ಕ್ಲಾಸಿಗೆ ಹಚ್ಚಿದ್ದೂ ಅಮಾಸಿ ದಿನಾನ."

"ಅದನ್ನ ಆಗಲೇ ಬೊಗಳಬಾರದಿತ್ತೇನೇ?" ಎಂದರು ಅಕ್ಕಯ್ಯಮ್ಮ.

"ನೀವು ಹಿರೇರು ಹೇಳಿದ್ರಿ. ಹೆಂಗ ಅನ್ಲಿ?"

ಅಕ್ಕಯ್ಯಮ್ಮ ಪಂಚಾಂಗ ಮುಚ್ಚಿದರು. "ಹೋಗು. ಒತ್ತು. ನಾನು ಈ ಕಡೆ ಮುಖ ಮಾಡ್ಕೊಂಡು ಕೂತಿರ್ತೀನಿ."

ಅವಳು ಮೇಲೆ ಹೋದಳು. ಕಾಯುವ ಹೊತ್ತಿನಲ್ಲಿ ನಾನು ಹೂಕೋಸು ಬಿಡಿಸಿಟ್ಟೆ. ಅಕ್ಕಯ್ಯಮ್ಮ ಗೋಡೆ ನೋಡುತ್ತ ಕೂತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಆಗ ಮೇಲಿಂದ ಸಣ್ಣಗೆ ಒಂದು ಹಾಡಿನ ಸಾಲು ಕೇಳಿಸಿತು. ಕಣದ ಹಾಡು. ಅಕ್ಷರ ಬಂದವು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆಯುಧಪೂಜೆಯ ದಿನ ಶಿಲ್ಪಾ ಬಂದು ಪುಟಗಳನ್ನು ಬಟ್ಟೆಯ ಚೀಲದಲ್ಲಿ ಎದೆಗವಚಿಕೊಂಡು ಹೋದಳು. ಗುರುದೇವಿ ಕಂಪ್ಯೂಟರಿಗೆ ವಿಭೂತಿ ಹಚ್ಚಿದಳು. ಅಕ್ಕಯ್ಯಮ್ಮ ಮಂಡಿ ಹಿಡಿದುಕೊಂಡೇ ಮೇಲೆ ಹತ್ತಿ ಹೋಗಿ, ಅದರ ತಲೆಯ ಮೇಲೆ ಒಂದು ಮೊಳ ಸೇವಂತಿಗೆ ಇಟ್ಟು ಬಂದರು.

ಗುರುತು ಇಡುವುದನ್ನು ಗುರುದೇವಿ ತಾನೇ ಕಲಿತುಕೊಂಡಳು. ಆರ್‌ಪಿಸಿ ಲೇಔಟಿಗೆ ಮನೆ ಬದಲಾಯಿಸುವವರೆಗೂ ತಿಂಗಳಿಗೊಮ್ಮೆ ನಮ್ಮ ಮೆಟ್ಟಿಲ ಬುಡದಿಂದ ಒಂದು ಕೂಗು ತಪ್ಪಲಿಲ್ಲ:

"ಏ ಗುರುದೇವಿ, ಇವತ್ತು ಅಮಾವಾಸ್ಯೆ ಕಣೇ! ಗುರುತು ಇಟ್ಯಾ?"